ಐದನೇ ಮಹಡಿಯ ಅಜ್ಜಿ ದಾಚಾದಿಂದ ಬರುವ ತನಕ

ನಮ್ಮ ಸಾಗರದ ಮನೆಯ ಬಚ್ಚಲಲ್ಲಿ ತಾಮ್ರದ ಹಂಡೆ ಇದೆ. ನೀರು ಇನ್ನಷ್ಟು ಕಾಯಬೇಕು ಅನಿಸಿದರೆ ಒಲೆಗೆ ಇನ್ನೊಂದು ಕುಂಟೆ ನೂಕಿದರೆ ಆಯಿತು. ಯಾರನ್ನೂ ಕೇಳಬೇಕಾಗಿಲ್ಲ. ಬೆಂಗಳೂರಿಗೆ ಬಂದ ಮೇಲೆ ಕುಂಟೆಯ ಜಾಗಕ್ಕೆ ಗೀಸರ್ ಸ್ವಿಚ್ ಬಂತು, ಅಷ್ಟೇ. ಹಾಗಾಗಿ 2016ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋದ ಬಾಡಿಗೆ ಮನೆಗೆ ಕಾಲಿಟ್ಟ ದಿನ ನಾನು ಮೊದಲು ಹುಡುಕಿದ್ದು ಆ ಸ್ವಿಚ್ಚನ್ನೇ. ಬಾತ್‌ರೂಮಿನ ಒಳಗೆ ಇರಲಿಲ್ಲ, ಹೊರಗಿನ ಗೋಡೆಯಲ್ಲೂ ಇರಲಿಲ್ಲ. ರೂಮಿನ ಕಿಟಕಿಯ ಕೆಳಗೆ, ಒಳಗೆ ಬಿಸಿನೀರು ಹರಿದು ಮನೆ ಬೆಚ್ಚಗಿಡುವ ಬೀಡುಕಬ್ಬಿಣದ ರೇಡಿಯೇಟರ್ ಇತ್ತು. ಅದಕ್ಕೂ ತಿರುಗಿಸಲು ಏನೂ ಇರಲಿಲ್ಲ. "ಇದನ್ನು ಆನ್ ಮಾಡೋದು ಎಲ್ಲಿ?" ಅಂತ ಮನೆ ಒಡತಿಯನ್ನು ಕೇಳಿದೆ. ಅವರು ಕಿಟಕಿಯಾಚೆ ಕೈ ತೋರಿಸಿದರು. ಮರಗಳ ಸಂದಿಯಲ್ಲಿ ದೂರಕ್ಕೆ ದಪ್ಪ ಚಿಮಣಿಯೊಂದು ಕಾಣುತ್ತಿತ್ತು. ವವೀಲೊವ್ ಬೀದಿಯ ವಿದ್ಯುತ್ ಸ್ಥಾವರ. "ಅಲ್ಲಿ" ಅಂದರು.

ತಮಾಷೆ ಅಂದುಕೊಂಡೆ. ತಮಾಷೆ ಆಗಿರಲಿಲ್ಲ.

ಔಷಧಿ ಆಮದು ಮಾಡುವ ಕಂಪನಿಯೊಂದರ ಕೆಲಸದ ಮೇಲೆ ಹೋಗಿದ್ದೆ. ಮೊದಲ ಮೂರು ವಾರ ಹಾಸ್ಟೆಲ್. ಆಮೇಲೆ ಮನೆ ಹುಡುಕಾಟ. ಜಾಹೀರಾತುಗಳಲ್ಲಿ ಎಷ್ಟೋ ಕಡೆ "ಸ್ಲಾವರಿಗೆ ಮಾತ್ರ", ಅಂದರೆ ರಷ್ಯನ್ನರು ಮತ್ತು ಅವರ ಹತ್ತಿರದ ಜನಾಂಗದವರಿಗೆ ಮಾತ್ರ, ಅಂತ ಮುಚ್ಚುಮರೆ ಇಲ್ಲದೆ ಬರೆದಿರುತ್ತಿದ್ದರು. ನಮ್ಮಲ್ಲಿ "ಓನ್ಲಿ ವೆಜಿಟೇರಿಯನ್" ಬೋರ್ಡ್ ನೋಡಿ ಬೆಳೆದವನು ನಾನು, ಆದರೂ ಬೋರ್ಡಿನ ಆಚೆ ಬದಿಯಲ್ಲಿ ನಿಂತಾಗ ಚುಚ್ಚುತ್ತದೆ. ಕೊನೆಗೆ ಅಕದೆಮಿಚೆಸ್ಕಯಾ ಮೆಟ್ರೋ ಹತ್ತಿರ, ನಡೆದು ಹತ್ತು ನಿಮಿಷಕ್ಕೆ, ಒಂದು ರೂಮಿನ ಮನೆ ಸಿಕ್ಕಿತು. ಬಾಡಿಗೆ 30 ಸಾವಿರ ರೂಬಲ್. ಆಗ ರೂಬಲ್ಲೂ ರೂಪಾಯಿಯೂ ಹೆಚ್ಚುಕಮ್ಮಿ ಸಮ ಇದ್ದವು, ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ.

ಐದು ಮಹಡಿ, ಇಟ್ಟಿಗೆ ಕಟ್ಟಡ, ಲಿಫ್ಟ್ ಇಲ್ಲ. ಇಂಥ ಮನೆಗಳಿಗೆ ಅಲ್ಲಿನವರು ಖ್ರುಶ್ಚೋವ್ಕಾ ಅನ್ನುತ್ತಾರೆ. ಸೋವಿಯತ್ ನಾಯಕ ನಿಕಿತಾ ಖ್ರುಶ್ಚೋವ್ ಕಾಲದಲ್ಲಿ ಕಟ್ಟಿದ್ದು ಅಂತ. ಐದೇ ಮಹಡಿ ಯಾಕೆ ಅಂದರೆ ಅದಕ್ಕಿಂತ ಜಾಸ್ತಿ ಕಟ್ಟಿದರೆ ಲಿಫ್ಟ್ ಹಾಕಬೇಕು ಅನ್ನುವ ನಿಯಮ ಇತ್ತು. ಲಿಫ್ಟಿಗೆ ದುಡ್ಡು, ಸಮಯ ಎರಡೂ ಬೇಕು. ನನ್ನದು ಮೂರನೇ ಮಹಡಿ. ಸುಮಾರು 30 ಚದರ ಮೀಟರ್. ಸೂರು ಎರಡೂವರೆ ಮೀಟರ್ ಎತ್ತರ, ಕೈ ಎತ್ತಿ ಹಾರಿದರೆ ಮುಟ್ಟಬಹುದು. ಅಡುಗೆಮನೆ ಆರು ಚದರ ಮೀಟರ್ ಕೂಡ ಇಲ್ಲ. ಅದರಲ್ಲೊಂದು ಅನುಕೂಲ ಇತ್ತು. ಸ್ಟೂಲಿನ ಮೇಲೆ ಕೂತಲ್ಲಿಂದಲೇ ಗ್ಯಾಸ್ ಸ್ಟೌ, ಸಿಂಕ್, ಫ್ರಿಜ್, ಕಿಟಕಿ ನಾಲ್ಕೂ ಕೈಗೆ ಸಿಗುತ್ತಿದ್ದವು. ಅಡುಗೆಮನೆಗೂ ಬಾತ್‌ರೂಮಿಗೂ ನಡುವಿನ ಗೋಡೆಯಲ್ಲಿ, ಸೂರಿನ ಹತ್ತಿರ, ಒಂದು ಪುಟ್ಟ ಗಾಜಿನ ಕಿಟಕಿ. ಹಗಲು ಹೊತ್ತು ಬಾತ್‌ರೂಮಿಗೆ ಬೆಳಕು ಬರಲಿ ಅಂತಂತೆ. ನಾನು ಒಗ್ಗರಣೆ ಹಾಕುವಾಗ ಸ್ನಾನದ ಮನೆಯ ಗಾಜು ಸಣ್ಣಗೆ ಅದುರುತ್ತಿತ್ತು.

ಅಡುಗೆಮನೆ ಕಿಟಕಿಯ ಕೆಳಗೆ ಗೋಡೆಯೊಳಗೇ ಒಂದು ಕಪಾಟು. ಅದರ ಹಿಂದಿನ ಗೋಡೆ ತೆಳು, ಹೊರಗಿನ ಚಳಿ ನೇರ ಒಳಗೆ ಬರುತ್ತದೆ. ಹೆಸರು 'ಖ್ರುಶ್ಚೋವ್ ಫ್ರಿಜ್'. ಎಲ್ಲರ ಮನೆಯಲ್ಲೂ ಫ್ರಿಜ್ ಇಲ್ಲದ ಕಾಲದ ಉಪಾಯ. ಚಳಿಗಾಲದಲ್ಲಿ ಅದರಲ್ಲಿ ಆಲೂಗಡ್ಡೆ, ಎಲೆಕೋಸು, ಉಪ್ಪಿನಲ್ಲಿ ಹಾಕಿಟ್ಟ ಸೌತೆಕಾಯಿ ಇಡುತ್ತಾರೆ. ನಾನು ಅಮ್ಮ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ಇಟ್ಟಿದ್ದೆ.

ಈ ಮನೆಗಳನ್ನು ನೋಡಿ ನಗುವುದು ಸುಲಭ. ಅಲ್ಲಿಯವರೇ ನಗುತ್ತಾರೆ. ಖ್ರುಶ್ಚೋವ್ ಕಕ್ಕಸನ್ನೂ ಸ್ನಾನದ ಮನೆಯನ್ನೂ ಒಂದು ಮಾಡಿದ, ನೆಲವನ್ನೂ ಸೂರನ್ನೂ ಒಂದು ಮಾಡಲು ಮಾತ್ರ ಅವನಿಗೆ ಟೈಮ್ ಸಿಗಲಿಲ್ಲ ಅನ್ನುವ ಹಳೇ ಜೋಕ್ ಇದೆ. ಆದರೆ ಇದರ ಹಿಂದಿನ ಅವಸರ ಸುಮ್ನೆ ಬಂದದ್ದಲ್ಲ. ಎರಡನೇ ಮಹಾಯುದ್ಧ ಮುಗಿದು ಹತ್ತು ವರ್ಷ ಆಗಿದ್ದರೂ ನಗರದ ಜನ ಒಂದೊಂದು ರೂಮಿಗೆ ಒಂದೊಂದು ಕುಟುಂಬದ ಹಾಗೆ ತುಂಬಿಕೊಂಡಿದ್ದರು. 1955ರ ನವೆಂಬರ್‌ನಲ್ಲಿ, ಕಟ್ಟಡಗಳಿಗೆ ಕಂಬ, ಗೋಪುರ, ಚಿತ್ತಾರ ಎಲ್ಲ ಇನ್ನು ಸಾಕು ಅಂತ ಸರ್ಕಾರ ಆದೇಶ ಹೊರಡಿಸಿತು. 1957ರಲ್ಲಿ ಇನ್ನೊಂದು ಆದೇಶ. ಹತ್ತು ಹನ್ನೆರಡು ವರ್ಷದೊಳಗೆ ಮನೆಗಳ ಕೊರತೆ ನೀಗಿಸಬೇಕು ಅಂತ. ಆಗ ಶುರುವಾಯಿತು ಕಟ್ಟುವ ಭರಾಟೆ. ವಿಟಾಲಿ ಲಗುಟೆಂಕೊ ಅನ್ನುವ ಎಂಜಿನಿಯರ್ ಕಾರ್ಖಾನೆಯಲ್ಲೇ ಗೋಡೆ ಎರಕ ಹೊಯ್ದು ತಂದು ಜೋಡಿಸುವ ಮನೆ ರೂಪಿಸಿದರು. (ಅವರ ಮೊಮ್ಮಗ ಇಲ್ಯಾ ಲಗುಟೆಂಕೊ ರಷ್ಯದ ಹೆಸರುವಾಸಿ ರಾಕ್ ಹಾಡುಗಾರ. ಇದನ್ನು ನನಗೆ ಹೇಳದೆ ಬಿಟ್ಟ ರಷ್ಯನ್ ಸಹೋದ್ಯೋಗಿ ಒಬ್ಬರೂ ಇಲ್ಲ.) ಅಂಥ ಮೊದಲ ಪ್ರಯೋಗದ ಬಡಾವಣೆ ಇದ್ದದ್ದು ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ. ನೋವಿಯೆ ಚೆರ್ಯೋಮುಷ್ಕಿಯ ಒಂಬತ್ತನೇ ಕ್ವಾರ್ಟರ್, ವಾಸ್ತುಶಿಲ್ಪಿ ನಾಥನ್ ಓಸ್ಟರ್‌ಮನ್ ಮುಂದೆ ನಿಂತು ಮಾಡಿಸಿದ್ದು. ಆಮೇಲೆ ದೇಶದಲ್ಲಿ ಎಷ್ಟೋ ಊರುಗಳ ಹೊಸ ಬಡಾವಣೆಗೆ ಜನ ಚೆರ್ಯೋಮುಷ್ಕಿ ಅಂತಲೇ ಕರೆದರು.

ಮನೆ ಒಡತಿ ಸಾಮಾನೆಲ್ಲ ಬಿಟ್ಟು ಹೋಗಿದ್ದರು. ಗೋಡೆ ಉದ್ದಕ್ಕೂ ಪಾಲಿಷ್ ಮಾಡಿದ ಕಪಾಟು, ಗಾಜಿನ ಹಿಂದೆ ಹರಳಿನ ಲೋಟಗಳು. ಮುಟ್ಟಬೇಡ ಅಂದಿದ್ದರು. ಮಂಚದ ಪಕ್ಕ ಗೋಡೆಗೆ ಕಾರ್ಪೆಟ್ ಹೊಡೆದಿತ್ತು. ನೆಲದ್ದನ್ನು ಗೋಡೆಗೆ ಯಾಕೆ ಹೊಡೆದಿದ್ದಾರೆ ಅಂತ ಮೊದಲ ರಾತ್ರಿ ನಕ್ಕಿದ್ದೆ. ಮೂರನೇ ವಾರ ಗೋಡೆಯ ಚಳಿ ಬೆನ್ನಿಗೆ ಹತ್ತಿದಾಗ ನಗು ನಿಂತಿತು. ಆ ಕಾರ್ಪೆಟ್ ಪಕ್ಕದ ಮನೆಯ ಟಿವಿ ಸದ್ದನ್ನೂ ಅರ್ಧಕ್ಕೆ ಇಳಿಸುತ್ತಿತ್ತು.

ಚಳಿ ಬಂದದ್ದು ನನಗೆ ಗೊತ್ತಾಗಿದ್ದು ದೋಸೆ ಹಿಟ್ಟಿನಿಂದ. ಇಂಡಿಯನ್ ಅಂಗಡಿಯಲ್ಲಿ ಉದ್ದಿನಬೇಳೆ ಸಿಗುತ್ತಿತ್ತು. ಅಕ್ಕಿ ಕ್ರಾಸ್ನೊದಾರ್ ಕಡೆಯ ದುಂಡಕ್ಕಿ, ದೋಸೆಗೆ ಒಳ್ಳೆಯದೇ. ಮಿಕ್ಸಿಯಲ್ಲಿ ರುಬ್ಬಿ ಸ್ಟೀಲ್ ಡಬ್ಬಿಗೆ ಹಾಕಿ ಶನಿವಾರ ರಾತ್ರಿ ಮುಚ್ಚಿಟ್ಟೆ. ಭಾನುವಾರ ಬೆಳಿಗ್ಗೆ ನೋಡಿದರೆ ಇಟ್ಟಲ್ಲೇ ಇತ್ತು, ಒಂದು ಗುಳ್ಳೆ ಇಲ್ಲ. ಸಂಜೆಗೂ ಇಲ್ಲ. ಸೋಮವಾರ ಮೂಸಿದೆ. ಹುಳಿ ವಾಸನೆಯ ಸುಳಿವೇ ಇಲ್ಲ. ಹೊರಗೆ ಐದು ಡಿಗ್ರಿ, ಒಳಗೆ ಹದಿನಾರು. ರಾತ್ರಿ ಸ್ವೆಟರ್ ಹಾಕಿ, ಸಾಕ್ಸ್ ಹಾಕಿ, ಎರಡು ರಜಾಯಿ ಹೊದ್ದು ಮಲಗುತ್ತಿದ್ದೆ. ರೇಡಿಯೇಟರ್ ಮುಟ್ಟಿದರೆ ಬೆಳಗಿನ ಜಾವದ ಕಬ್ಬಿಣದ ಗೇಟು ಮುಟ್ಟಿದ ಹಾಗೆ.

ಆಫೀಸಿನಲ್ಲಿ ಕೇಳಿದೆ. ಆಗ ನಿಯಮ ಗೊತ್ತಾಯಿತು. ಐದು ದಿನ ಸತತವಾಗಿ ಹೊರಗಿನ ಸರಾಸರಿ ಉಷ್ಣತೆ 8 ಡಿಗ್ರಿಗಿಂತ ಕೆಳಗೆ ಇರಬೇಕು. ಆಮೇಲೆ ನಗರ ಆಡಳಿತ ಹೀಟಿಂಗ್ ಬಿಡುತ್ತದೆ. ಮೊದಲು ಆಸ್ಪತ್ರೆ, ಶಾಲೆ, ಶಿಶುವಿಹಾರ. ಆಮೇಲೆ ಮನೆಗಳು. ಒಂದು ದಿನ ಬಿಸಿಲು ಬಂದು ಒಂಬತ್ತಕ್ಕೆ ಏರಿದರೆ ಲೆಕ್ಕ ಮತ್ತೆ ಮೊದಲಿಂದ. ಸ್ಥಾವರದಲ್ಲಿ ಕರೆಂಟು ತಯಾರಿಸುವಾಗ ಉಳಿಯುವ ಬಿಸಿಯಲ್ಲೇ ನೀರು ಕಾಯಿಸಿ, ನೆಲದಡಿಯ ದಪ್ಪ ಪೈಪುಗಳಲ್ಲಿ ಬಡಾವಣೆಗೆ ಕಳಿಸುತ್ತಾರೆ. ಅಲ್ಲಿಂದ ಕಟ್ಟಡಗಳಿಗೆ. ಕೋಟಿಗೂ ಜಾಸ್ತಿ ಜನರ ಊರು ಒಂದೇ ಹಂಡೆಯ ನೀರಿಗೆ ಕಾಯುತ್ತ ಕೂತಿರುತ್ತದೆ ಅಂದುಕೊಳ್ಳಿ. ಹಂಡೆಗಳು ಹಲವು ಇವೆ ಅನ್ನುವುದು ನಿಜ, ಆದರೆ ಕುಂಟೆ ನೂಕುವ ಕೈ ನಮ್ಮದಲ್ಲ.

ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. "ದಾಲಿ?" ಅಂದರೆ "ಕೊಟ್ಟರಾ?" ಯಾರು, ಏನು ಅಂತ ಹೇಳಬೇಕಾಗಿಲ್ಲ. ಮೆಟ್ಟಿಲಲ್ಲಿ, ಅಂಗಡಿ ಸಾಲಲ್ಲಿ, ಆಫೀಸಿನ ಟೀ ಮೇಜಿನ ಹತ್ತಿರ, "ನಿಮಗೆ ದಾಲಿ?" "ಇಲ್ಲ, ನಿಮಗೆ?" ಎರಡು ವರ್ಷ ಹುಬ್ಬಳ್ಳಿಯಲ್ಲಿ ಓದಿದ ನನಗೆ ಈ ಮಾತು ಕಿವಿಗೆ ಹೊಸದಲ್ಲ. "ನೀರು ಬಿಟ್ಟಾರೇನ್ರೀ?" ಅಂತ ಓಣಿಯ ಈ ತುದಿಯಿಂದ ಆ ತುದಿಗೆ ಕೂಗಿ ಕೇಳುವ ಊರು ಅದು. ಇಲ್ಲಿ ನೀರಿನ ಬದಲು ಬಿಸಿ, ಅಷ್ಟೇ ವ್ಯತ್ಯಾಸ.

ಕೊನೆಗೊಂದು ಸಂಜೆ ಆಫೀಸಿನಿಂದ ಬರುವಾಗ ನಮ್ಮ ಅಂಗಳದ ಬೆಂಚಿನ ಮೇಲಿದ್ದ ಅಜ್ಜಿಯರು ಕೋಟಿನ ಗುಂಡಿ ಬಿಚ್ಚಿ ಕೂತಿದ್ದರು. "ದಾಲಿ!" ಅಂದರು. ಮೆಟ್ಟಿಲು ಎರಡೆರಡು ಹಾರಿ ಹತ್ತಿದೆ. ಮೆಟ್ಟಿಲ ತಿರುವಿನ ರೇಡಿಯೇಟರ್ ಬಿಸಿ. ಬಾಗಿಲು ತೆಗೆದೆ. ನಮ್ಮದು ತಣ್ಣಗೆ. ಅಡುಗೆಮನೆಯ ಪೈಪ್ ತಣ್ಣಗೆ. ಅಂಗೈ ಒತ್ತಿ ಹಿಡಿದು ನಿಂತೆ, ಒಳಗೆ ಎಲ್ಲೋ ಗುಳುಗುಳು ಅಂತ ಹೊಟ್ಟೆ ಹಸಿದ ಸದ್ದು. ಬಿಸಿ ಮಾತ್ರ ಇಲ್ಲ.

ಮರುದಿನವೂ ಇಲ್ಲ. ಎದುರು ಮನೆಯವರು ಬರೀ ಬನಿಯನ್ನಿನಲ್ಲಿ ಬಾಗಿಲು ತೆಗೆದರು. ಅವರ ಮನೆಯಿಂದ ಬೇಸಿಗೆಯ ಗಾಳಿ ಬಂದು ಮುಖಕ್ಕೆ ಹೊಡೆಯಿತು. ಹೊಟ್ಟೆಕಿಚ್ಚಾಯಿತು ಅನ್ನುವುದನ್ನು ಯಾಕೆ ಮುಚ್ಚಿಡಲಿ.

ಎರಡನೇ ಮಹಡಿಯ ಹೆಂಗಸು ನನ್ನ ಬಾಗಿಲು ತಟ್ಟಿದ್ದು ಅವತ್ತೇ. ಅದುವರೆಗೆ ಆಕೆಯ ಮಗನ ಪಿಯಾನೋ ಪಾಠ ಮಾತ್ರ ನನಗೆ ಪರಿಚಯ. "ನಿಮ್ಮದೂ ತಣ್ಣಗಾ?" ನನ್ನದೂ ತಣ್ಣಗೆ. ನಾಲ್ಕನೇ ಮಹಡಿಯ ಗಂಡ ಹೆಂಡತಿಯದೂ ತಣ್ಣಗೆ. ಒಂದನೇ ಮಹಡಿಯ ಟ್ಯಾಕ್ಸಿ ಡ್ರೈವರ್ ಮನೆಯಲ್ಲಿ ಉಗುರುಬೆಚ್ಚಗೆ. ಒಂದರ ಮೇಲೊಂದು ನಿಂತ ನಾವೆಲ್ಲ ಒಂದೇ 'ಸ್ತಯಾಕ್'. ಸ್ತಯಾಕ್ ಅಂದರೆ ನೆಲಮಾಳಿಗೆಯಿಂದ ಮೇಲಿನ ತನಕ ಎಲ್ಲ ಮನೆ ತೂರಿಕೊಂಡು ಹೋಗುವ ನೆಟ್ಟನೆ ಪೈಪ್. ನಮ್ಮ ಕಡೆಯದು ಒಂದು ಮೂಲೆಯಲ್ಲಿ ಮೇಲೇರುತ್ತದೆ, ಐದನೇ ಮಹಡಿಯಲ್ಲಿ ತಿರುಗಿ ಇನ್ನೊಂದು ಮೂಲೆಯಲ್ಲಿ ಕೆಳಗಿಳಿಯುತ್ತದೆ. ಎದುರು ಮನೆಯವರದು ಬೇರೆ ಪೈಪ್. ಅವರು ನಮಗೆ ನೆರೆಯವರು. ಮೇಲೆ ಕೆಳಗಿನವರು ಪೈಪಿನ ನೆಂಟರು.

ಮೂರನೇ ದಿನ ಹೌಸಿಂಗ್ ಆಫೀಸಿನಿಂದ ಸ್ಲೇಸರ್ ಬಂದ. ಪ್ಲಂಬರ್‌ಗೆ ಅಲ್ಲಿ ಹಾಗನ್ನುತ್ತಾರೆ. ಎರಡು ಸಲ ಫೋನು ಮಾಡಿದಾಗ ಬರಲಿಲ್ಲ. ಎರಡನೇ ಮಹಡಿಯಾಕೆ ಹೋಗಿ ಖುದ್ದು ನಿಂತ ಮೇಲೆ ಬಂದ. ನೆಲಮಾಳಿಗೆಗೆ ಇಳಿದು ಏನೋ ತಿರುಗಿಸಿದ, ನೀರು ಬಿಟ್ಟ, ಮುಚ್ಚಿದ. ಪೈಪು ಒಮ್ಮೆ ಡಂಗ್ ಅಂತು. ನನ್ನ ರೇಡಿಯೇಟರ್ ಮೇಲೆ ಕೈ ಇಟ್ಟುಕೊಂಡು ಮೂರು ನಿಮಿಷ ನಿಂತ, ಡಾಕ್ಟರ್ ನಾಡಿ ಹಿಡಿದ ಹಾಗೆ. ತಲೆ ಅಲ್ಲಾಡಿಸಿದ. "ಗಾಳಿ ಕಟ್ಟಿದೆ, ಮೇಲೆ" ಅಂದ. ಬೇಸಿಗೆಯಲ್ಲಿ ಪೈಪ್ ಖಾಲಿಯಾದಾಗ ಒಳಗೆ ಗಾಳಿ ಸೇರುತ್ತದೆ. ನೀರು ಮತ್ತೆ ತುಂಬಿದಾಗ ಆ ಗಾಳಿ ಎಲ್ಲಕ್ಕಿಂತ ಮೇಲಿನ ತಿರುವಿನಲ್ಲಿ ಹೋಗಿ ಕೂರುತ್ತದೆ. ನೀರು ಅದನ್ನು ದಾಟಲಾರದು. ಐದನೇ ಮಹಡಿಯ ರೇಡಿಯೇಟರ್ ಮೇಲೆ ಪುಟ್ಟದೊಂದು ನಲ್ಲಿ ಇರುತ್ತದೆ, ಮಾಯೆವ್ಸ್ಕಿ ನಲ್ಲಿ. ಅದನ್ನು ಅರ್ಧ ಸುತ್ತು ತಿರುಗಿಸಿದರೆ ಗಾಳಿ ಹೋಗುತ್ತದೆ. ಎರಡು ನಿಮಿಷದ ಕೆಲಸ.

ಐದನೇ ಮಹಡಿಗೆ ಬೀಗ. ಅಲ್ಲಿನ ಅಜ್ಜಿ ದಾಚಾಕ್ಕೆ ಹೋಗಿದ್ದರು.

ದಾಚಾ ಅಂದರೆ ಫಾರ್ಮ್‌ಹೌಸ್ ಅಂತ ನಮ್ಮಲ್ಲಿ ಕೆಲವರು ಹೇಳುತ್ತಾರೆ. ಹೆಚ್ಚಿನವರದು ಅಷ್ಟು ದೊಡ್ಡದೇನಲ್ಲ. ಆರು ನೂರು ಚದರ ಮೀಟರ್ ನೆಲ, ಮರದ ಹಲಗೆಯ ಪುಟ್ಟ ಮನೆ, ಸಾಲು ಸಾಲು ಆಲೂಗಡ್ಡೆ, ನಾಲ್ಕು ಸೇಬಿನ ಮರ. ಏಪ್ರಿಲ್ ಕೊನೆಗೆ ಹೋದ ಅಜ್ಜಿಯರು ಅಕ್ಟೋಬರ್ ತನಕ ಮಣ್ಣಿನಲ್ಲೇ ಇರುತ್ತಾರೆ. ನಮ್ಮ ಅಜ್ಜಿಗೆ ಎರಡನೇ ಮಹಡಿಯಾಕೆ ನನ್ನ ಎದುರೇ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು. "ಆಂತೋನೊವ್ಕಾ ಇನ್ನೂ ಮರದಲ್ಲಿದೆ, ಅದನ್ನು ಯಾರಿಗೆ ಬಿಟ್ಟು ಬರಲಿ?" ಅಂತು ಫೋನಿನ ಆ ಕಡೆಯ ದನಿ. ಆಂತೋನೊವ್ಕಾ ಹುಳಿ ಜಾತಿಯ ಸೇಬು, ತಡವಾಗಿ ಮಾಗುವಂಥದ್ದು. "ಶುಕ್ರವಾರ ಬರ್ತೀನಿ. ಸ್ವೆಟರ್ ಹಾಕ್ಕೊಳ್ಳಿ."

ಅವತ್ತು ಸೋಮವಾರ.

ನಾಲ್ಕು ದಿನ ಹೇಗೆ ಕಳೆದೆವು ಅಂದರೆ, ಒಟ್ಟಿಗೆ ಕಳೆದೆವು. ನಾನು ಕರೆಂಟ್ ಹೀಟರ್ ತಂದೆ. ನಾಲ್ಕನೇ ಮಹಡಿಯವರೂ ತಂದರು. ನನ್ನದರ ಜೊತೆ ಕೆಟಲ್ ಹಾಕಿದ ಕೂಡಲೇ ಫ್ಯೂಸ್ ಹೋಯಿತು. ಹಳೇ ಅಲ್ಯೂಮಿನಿಯಂ ವೈರಿಂಗ್, ಒಂದು ಬಲ್ಬು ಒಂದು ರೇಡಿಯೋ ಲೆಕ್ಕ ಹಾಕಿ ಎಳೆದದ್ದು. ಟ್ಯಾಕ್ಸಿ ಡ್ರೈವರ್ ಬಂದು ಮೆಟ್ಟಿಲ ಹತ್ತಿರದ ಮೀಟರ್ ಪೆಟ್ಟಿಗೆ ತೆಗೆದು ಸರಿ ಮಾಡಿಕೊಟ್ಟ. ಜೊತೆಗೆ ಗ್ಯಾಸ್ ಸ್ಟೌ ಹಚ್ಚಿ ಮನೆ ಬಿಸಿ ಮಾಡಲು ಹೋಗಬೇಡ, ಸತ್ತೇ ಹೋಗ್ತೀಯ ಅಂತ ಬೈದು ಹೋದ. ನಾನು ಅಷ್ಟರಲ್ಲಿ ಒಂದು ರಾತ್ರಿ ಅದನ್ನೂ ಮಾಡಿ ಮುಗಿಸಿದ್ದೆ, ಅವನಿಗೆ ಹೇಳಲಿಲ್ಲ. ಎರಡನೇ ಮಹಡಿಯಾಕೆ ಸೂಪ್ ಕೊಟ್ಟರು. ನಾನು ಬಿಸಿಬೇಳೆಬಾತ್ ಕೊಟ್ಟೆ. ಅವರ ಮಗ ಒಂದು ಚಮಚ ತಿಂದು ಎರಡು ಲೋಟ ನೀರು ಕುಡಿದ, ಆಮೇಲೆ ಇನ್ನೂ ಸ್ವಲ್ಪ ಹಾಕಿಸಿಕೊಂಡ. ಒಂದು ತಿಂಗಳಲ್ಲಿ ಆಗದ ಪರಿಚಯ ನಾಲ್ಕು ದಿನದಲ್ಲಿ ಆಯಿತು.

ಶುಕ್ರವಾರ ಸಂಜೆ ಮೆಟ್ಟಿಲಲ್ಲಿ ಟಕ್ ಟಕ್ ಸದ್ದು. ಎರಡು ಚಕ್ರದ ಕೈಗಾಡಿಯನ್ನು ಮೆಟ್ಟಿಲಿಂದ ಮೆಟ್ಟಿಲಿಗೆ ಎಳೆಯುವ ಸದ್ದು. ಓಡಿ ಹೋಗಿ ಹಿಡಿದುಕೊಂಡೆ. ಗಾಡಿಯ ತುಂಬ ಸೇಬು. ಐದು ಮಹಡಿಗೆ ನಾಲ್ಕು ಸಲ ನಿಂತು ಸುಧಾರಿಸಿಕೊಂಡಿದ್ದು ನಾನು, ಅವರಲ್ಲ. ಎಂಬತ್ತು ದಾಟಿತ್ತು ಅವರಿಗೆ. ಬಾಗಿಲಲ್ಲಿ ನಿಂತು ನಮಸ್ಕಾರ ಅನ್ನಲು ಹೋದೆ. "ಹೊಸ್ತಿಲ ಮೇಲಿಂದ ಮಾತಾಡಬಾರದು, ಒಳಗೆ ಬಾ" ಅಂತ ತೋಳು ಹಿಡಿದು ಎಳೆದರು. ನಮ್ಮ ಅಜ್ಜಿಯೂ ಹೊಸ್ತಿಲ ಮೇಲೆ ನಿಂತರೆ ಬೈಯುತ್ತಿದ್ದಳು. ಬೂಟು ಬಿಚ್ಚಿಸಿದರು, ಚಪ್ಪಲಿ ಕೊಟ್ಟರು. ಕೋಟು ಬಿಚ್ಚುವ ಮುಂಚೆ ಅಡುಗೆಮನೆ ಡ್ರಾಯರ್ ಎಳೆದು ಕಿರುಬೆರಳಷ್ಟು ಉದ್ದದ ಹಿತ್ತಾಳೆ ಕೀಲಿ ತೆಗೆದರು. ಒಂದು ಕೈಯಲ್ಲಿ ತಗಡಿನ ಮಗ್, ಒಂದು ಕೈಯಲ್ಲಿ ಹಳೇ ಬಟ್ಟೆ. "ನೋಡಿಕೋ" ಅಂದರು.

ರೇಡಿಯೇಟರ್‌ನ ಮೇಲ್ತುದಿಯಲ್ಲಿ, ಪಕ್ಕಕ್ಕೆ, ಪೇಂಟಿನಡಿ ಅರ್ಧ ಮುಚ್ಚಿಹೋದ ಚೌಕದ ತಿರುಪು. ಕೀಲಿ ಹಾಕಿ ಅರ್ಧ ಸುತ್ತು ತಿರುಗಿಸಿದರು. ಸ್‌ಸ್‌ಸ್ ಅಂತ ಗಾಳಿ ಬಿಟ್ಟುಕೊಂಡಿತು, ಸೈಕಲ್ ಟ್ಯೂಬಿನ ವಾಲ್ವ್ ಒತ್ತಿದ ಹಾಗೆ. ವಾಸನೆ ತುಕ್ಕಿನದು, ಹಳೇ ಬಾವಿಯದು. ಆ ಸದ್ದು ಎಷ್ಟು ಹೊತ್ತು ಬಂತು ಅಂದರೆ ಅಜ್ಜಿ ಒಂದು ಕೈಯಲ್ಲಿ ಮಗ್ ಹಿಡಿದೇ ಕೋಟಿನ ಗುಂಡಿ ಬಿಚ್ಚಿದರು. ಆಮೇಲೆ ಸದ್ದು ತೊದಲಿತು. ಫಟ್, ಫಟ್ ಅಂತ ಕಂದು ನೀರು ಉಗುಳಿತು, ಮತ್ತೆ ಗಾಳಿ, ಮತ್ತೆ ನೀರು. ಕೊನೆಗೆ ನೂಲಿನಂಥ ಸಣ್ಣ ಧಾರೆ ಸಮನಾಗಿ ಬಂತು. ಆಗ ಮುಚ್ಚಿದರು. ನನ್ನ ಕೈ ಹಿಡಿದು ಪೈಪಿನ ಮೇಲಿಟ್ಟರು. ಮೊದಲು ಏನೂ ಇಲ್ಲ. ಆಮೇಲೆ, ಜ್ವರದ ಮಗುವಿನ ಹಣೆಯ ಹಾಗೆ, ಕೆಳಗಿನಿಂದ ಬಿಸಿ ಏರಿತು. ಒಂದು ನಿಮಿಷಕ್ಕೆ ಕೈ ತೆಗೆಯಬೇಕಾಯಿತು.

ಕೆಳಗಿನಿಂದ ಯಾರೋ ಪೈಪಿಗೆ ಚಮಚದಿಂದ ಕುಟ್ಟಿದರು. ಟಣ್ ಟಣ್. ಇಲ್ಲಿ ಪೈಪಿಗೆ ಕುಟ್ಟಿದರೆ "ಗಲಾಟೆ ನಿಲ್ಲಿಸಿ" ಅಂತ ಅರ್ಥ. ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕಿದ ದಿನ ನನಗೆ ಆ ಪಾಠ ಆಗಿತ್ತು. ಇದು ಹಾಗಿರಲಿಲ್ಲ. ಅಜ್ಜಿ ಕೀಲಿಯಿಂದಲೇ ತಿರುಗಿ ಎರಡು ಸಲ ಕುಟ್ಟಿದರು.

ಆಮೇಲೆ ಚಹಾ. ಸೇಬಿನ ಜಾಮ್, ಒಣ ಬಿಸ್ಕತ್ತು. ಅವರ ಅಡುಗೆಮನೆ ನನ್ನ ಅಡುಗೆಮನೆಯೇ, ಎರಡು ಮಹಡಿ ಮೇಲೆ. ಸಣ್ಣದು ಅಲ್ವಾ ಅಂದೆ. ಅದಕ್ಕೆ ಅವರು ಹೇಳಿದ್ದು ಇನ್ನೂ ನೆನಪಿದೆ. ಈ ಮನೆಗೆ ಬಂದದ್ದು 1961ರಲ್ಲಂತೆ. ಮೆಟ್ರೋ ಇನ್ನೂ ಇರಲಿಲ್ಲ, ಅದು ಬಂದದ್ದು ಮರುವರ್ಷ ಅಕ್ಟೋಬರ್‌ನಲ್ಲಿ. ಎಲ್ಲೆಲ್ಲೂ ಕೆಸರು, ಬೂಟು ಹೂತುಹೋಗುತ್ತಿತ್ತು. ಅದಕ್ಕೆ ಮುಂಚೆ ಇದ್ದದ್ದು ನಗರದ ನಡುವಿನ ಕೊಮುನಾಲ್ಕಾದಲ್ಲಿ. ಒಂದು ದೊಡ್ಡ ಹಳೇ ಮನೆ, ಏಳು ರೂಮು, ಏಳು ಸಂಸಾರ. ಅಡುಗೆಮನೆಯಲ್ಲಿ ಏಳು ಮೇಜು. ಒಂದೇ ಕಕ್ಕಸು, ಆದರೆ ಅದರೊಳಗೆ ಏಳು ಬಲ್ಬು. ಏಳಕ್ಕೂ ಸ್ವಿಚ್ ಅವರವರ ರೂಮಿನಲ್ಲಿ, ಕರೆಂಟ್ ಬಿಲ್ಲಿನ ಜಗಳ ಬೇಡ ಅಂತ. ಹೊರಬಾಗಿಲ ಕರೆಗಂಟೆ ಒಂದು ಸಲ ಹೊಡೆದರೆ ಒಬ್ಬರಿಗೆ, ಎರಡು ಸಲಕ್ಕೆ ಇನ್ನೊಬ್ಬರಿಗೆ. ಇವರದು ಐದು. "ಇಲ್ಲಿಗೆ ಬಂದ ಮೊದಲ ರಾತ್ರಿ ನಾನು ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದೆ" ಅಂದರು. "ಯಾರೂ ಬರಲಿಲ್ಲ. ಬೆಳಗಿನ ತನಕ ಯಾರೂ ಬರಲಿಲ್ಲ."

ಆ ರಾತ್ರಿ ಹಿಟ್ಟು ರುಬ್ಬಿದೆ, ಹತ್ತು ಗಂಟೆಗೆ ಮುಂಚೆ. ಡಬ್ಬಿಯನ್ನು ರೇಡಿಯೇಟರ್ ಪಕ್ಕ ಸ್ಟೂಲಿನ ಮೇಲೆ ಟವೆಲ್ ಸುತ್ತಿ ಇಟ್ಟೆ. ಬೆಳಿಗ್ಗೆ ಎದ್ದಾಗ ಮುಚ್ಚಳ ಎತ್ತಿ ಹಿಟ್ಟು ಉಕ್ಕಿ, ಸ್ಟೂಲಿನ ಕಾಲು ಹಿಡಿದು ಇಳಿದು, ಮನೆ ಒಡತಿಯ ಚೌಕುಳಿ ಮರದ ನೆಲದ ಮೇಲೆ ಒಂದು ಅಂಗೈ ಅಗಲ ಹರಡಿತ್ತು. ಇಷ್ಟು ಸಂತೋಷದಿಂದ ನೆಲ ಒರೆಸಿದ್ದು ಜೀವನದಲ್ಲಿ ಅದೊಂದೇ ಸಲ. ಐದು ಮನೆಗೂ ದೋಸೆ ಹೋಯಿತು.

ಚಳಿಗಾಲ ಹೇಗಿತ್ತು ಅಂತ ಎಲ್ಲರೂ ಕೇಳುತ್ತಾರೆ. ಸೆಕೆ ಇತ್ತು. ನಿಜ ಹೇಳುತ್ತಿದ್ದೇನೆ. ಹೊರಗೆ ಮೈನಸ್ 20, ಒಳಗೆ 26. ಕಮ್ಮಿ ಮಾಡಲು ನಲ್ಲಿ ಇಲ್ಲವಲ್ಲ. ಕಿಟಕಿಯೊಳಗೆ ಇನ್ನೊಂದು ಪುಟ್ಟ ಕಿಟಕಿ ಇರುತ್ತದೆ, ಫೋರ್ತಚ್ಕಾ ಅಂತ. ಅದನ್ನು ತೆಗೆದಿಟ್ಟು ಚಡ್ಡಿ ಬನಿಯನ್ನಿನಲ್ಲಿ ಓಡಾಡುತ್ತಿದ್ದೆ. ಹೀಟಿಂಗ್ ಬಿಲ್ಲು ಮನೆಯ ಅಳತೆಯ ಮೇಲೆ, ಹನ್ನೆರಡು ತಿಂಗಳೂ ಅಷ್ಟೇ, ಹಾಗಾಗಿ ಮಾಸ್ಕೋದ ಆಕಾಶ ಬಿಸಿ ಮಾಡಿದರೂ ಯಾರ ಜೇಬಿಗೂ ನೇರ ಏಟಿಲ್ಲ. ಗಾಳಿ ಒಣಗಿ ಮೂಗಿನಲ್ಲಿ ರಕ್ತ ಬಂತು. ಒದ್ದೆ ಟವೆಲ್ ರೇಡಿಯೇಟರ್ ಮೇಲೆ ಹಾಕು ಅಂತ ಅಜ್ಜಿ ಹೇಳಿದರು, ನಿಂತಿತು. ಬೆಳಿಗ್ಗೆ ಐದಕ್ಕೆ ಅಂಗಳದಲ್ಲಿ ಕಿರ್ಗಿಜ್ ಹುಡುಗರು ಮಂಜುಗಡ್ಡೆ ಕೆರೆಯುವ ಸದ್ದು. ನನಗೆ ಅದೇ ಅಲಾರಾಂ.

2017ರ ವಸಂತದಲ್ಲಿ ಬೆಂಚಿನ ಮಾತು ಬದಲಾಯಿತು. ಇಂಥ ಹಳೇ ಮನೆಗಳನ್ನು ಕೆಡವಿ ಹೊಸದು ಕಟ್ಟುತ್ತೇವೆ, ಅದೇ ಬಡಾವಣೆಯಲ್ಲಿ ಬೇರೆ ಮನೆ ಕೊಡುತ್ತೇವೆ ಅಂತ ನಗರ ಘೋಷಿಸಿತ್ತು. ಮೇ 15ರಿಂದ ಜೂನ್ 15ರ ತನಕ ಮತದಾನ, ಕಟ್ಟಡದ ಮೂರರಲ್ಲಿ ಎರಡು ಪಾಲು ಒಪ್ಪಿದರೆ ಪಟ್ಟಿಗೆ. ಬಾಡಿಗೆಯವನಿಗೆ ಮತ ಇಲ್ಲ, ಕಿವಿ ಇದೆ. ನಾಲ್ಕನೇ ಮಹಡಿಯವರು ಬೇಕು ಅಂದರು. ಲಿಫ್ಟ್ ಬರುತ್ತದೆ, ಮಗುವಿನ ಗಾಡಿ ಹೊರುವುದು ತಪ್ಪುತ್ತದೆ. ಟ್ಯಾಕ್ಸಿಯವನು ಬೇಡ ಅಂದ. ಈಗ ಅಂಗಳದಲ್ಲಿ ಮರಗಳು ಸೂರಿಗಿಂತ ಎತ್ತರ ಇವೆ, ಅವನ್ನು ಇಪ್ಪತ್ತನೇ ಮಹಡಿಗೆ ಹೊತ್ತೊಯ್ಯುತ್ತಾರಾ ಅಂತ ಅವನ ಪ್ರಶ್ನೆ. ಒಟ್ಟಿಗೆ ಸೂಪ್ ಕುಡಿದವರು ಎರಡು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಅಜ್ಜಿ ಮಾತ್ರ ಯಾವ ಕಡೆ ಅಂತ ಯಾರಿಗೂ ಹೇಳಲಿಲ್ಲ. ಮತ ಹಾಕಿದ ಮಾರನೇ ದಿನವೇ ದಾಚಾಕ್ಕೆ ಹೋದರು. ನಮ್ಮ ಕಟ್ಟಡ ಪಟ್ಟಿಗೆ ಸೇರಿತು. ಇಡೀ ಊರಿನಲ್ಲಿ ಅಂಥವು ಐದು ಸಾವಿರಕ್ಕೂ ಜಾಸ್ತಿ.

ಅದೇ ಜೂನ್‌ನಲ್ಲಿ ಹತ್ತು ದಿನ ಬಿಸಿನೀರು ನಿಂತಿತು. ಪ್ರತಿ ಬೇಸಿಗೆಯಲ್ಲೂ ನಿಲ್ಲಿಸುತ್ತಾರೆ. ಪೈಪುಗಳಿಗೆ ಜೋರು ಒತ್ತಡದ ನೀರು ಬಿಟ್ಟು ಪರೀಕ್ಷೆ ಮಾಡುತ್ತಾರೆ. ಒಡೆಯುವುದಿದ್ದರೆ ಈಗಲೇ ಒಡೆಯಲಿ, ಜನವರಿಯಲ್ಲಿ ಬೇಡ ಅಂತ. ಆ ವರ್ಷ ಜೂನ್ ಶುರುವಿನಲ್ಲೂ ಹಿಮ ಬಿದ್ದಿತ್ತು, ಅಂಥ ಚಳಿ. ಆಫೀಸಿನವರೆಲ್ಲ ಗೋಳಾಡುತ್ತಿದ್ದರು. ನಾನು ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಬಕೆಟ್ಟಿಗೆ ಸುರಿದು, ತಣ್ಣೀರು ಬೆರೆಸಿ, ಮಗ್ಗಿನಿಂದ ಹೊಯ್ದುಕೊಂಡೆ. ಒಂದು ದಿನ ಎರಡನೇ ಮಹಡಿಯಾಕೆ, ಒಂದು ಬಕೆಟ್ಟಿನಲ್ಲಿ ತಲೆಯೂ ಸೇರಿ ಹೇಗೆ ಮುಗಿಸುತ್ತೀ ಅಂತ ಗಂಭೀರವಾಗಿ ಕೇಳಿದರು. ಆ ದೇಶದಲ್ಲಿ ನಾನು ಯಾರಿಗಾದರೂ ಕಲಿಸಿಕೊಟ್ಟ ವಿದ್ಯೆ ಅದೊಂದೇ ಇರಬೇಕು.

ಆಗಸ್ಟ್‌ನಲ್ಲಿ ಅಜ್ಜಿ ಒಂದು ದಿನಕ್ಕೆ ಬಂದರು, ಪಿಂಚಣಿ ಕೆಲಸಕ್ಕೆ. ಹೋಗುವಾಗ ನನ್ನ ಬಾಗಿಲು ತಟ್ಟಿ, ಒಳಗೆ ಬಂದು, ಆಮೇಲೆ ಕೈಗೆ ಎರಡು ಕೀಲಿ ಕೊಟ್ಟರು. ಒಂದು ಮನೆಯದು. ಇನ್ನೊಂದು ಕಿರುಬೆರಳುದ್ದದ ಹಿತ್ತಾಳೆಯದು. "ಈ ಸಲ ಸೇಬು ಜಾಸ್ತಿ ಹಿಡಿದಿದೆ. ತಡ ಆಗ್ತದೆ" ಅಂದರು.

ಆ ವರ್ಷ ಮೆಟ್ಟಿಲ ರೇಡಿಯೇಟರ್ ಬಿಸಿಯಾದ ಸಂಜೆ ನಾನು ಮೇಲೆ ಹೋದೆ. ಬೂಟು ಬಿಚ್ಚಿ ಅದೇ ಚಪ್ಪಲಿ ಹಾಕಿಕೊಂಡೆ. ಖಾಲಿ ಮನೆ, ಹೋದ ವರ್ಷದ ಸೇಬಿನ ವಾಸನೆ. ಮಗ್ ಹಿಡಿದು ಅರ್ಧ ಸುತ್ತು ತಿರುಗಿಸಿದೆ. ಗಾಳಿ ಹೋಯಿತು, ನೀರು ಉಗುಳಿತು, ನನ್ನ ಅಂಗಿ ಕಂದಾಯಿತು, ಧಾರೆ ಸಮನಾಯಿತು. ಮುಚ್ಚಿ, ಪೈಪಿನ ಮೇಲೆ ಕೈ ಇಟ್ಟು ಕಾದೆ. ಕೆಳಗೆಲ್ಲೋ ಪಿಯಾನೋ ಪಾಠ ನಡೆದಿತ್ತು. ಅದು ನಡುವೆಯೇ ನಿಂತಿತು. ಆಮೇಲೆ ಪೈಪಿನಲ್ಲಿ, ಟಣ್ ಟಣ್.